ಒಂದೇ ವರ್ಷದ ಆರು ಕೆಂಪು ವೈನ್: ವರ್ಷದ ಗುಣ ಯಾವುದು, ಕೋಣೆಯ ಎಡವಟ್ಟು ಯಾವುದು?

ಮಂಗಳೂರಿನ ಹೋಟೆಲಿನ ವೈನ್ ಪಟ್ಟಿಗೆ ಬಾಟಲಿ ಆರಿಸುವಾಗ ಒಂದೇ ವರ್ಷದ, ಒಂದೇ ಸೀಮೆಯ ಐದಾರು ವೈನ್‌ಗಳನ್ನು ಸಾಲಾಗಿಟ್ಟು ರುಚಿ ನೋಡುವ ಕ್ರಮವಿದೆ. ಹಾರಿಜಾಂಟಲ್ ಟೇಸ್ಟಿಂಗ್ ಅನ್ನುತ್ತಾರೆ. ಮಳೆ ಬಿಸಿಲು ಎಲ್ಲಕ್ಕೂ ಒಂದೇ ಆದ್ದರಿಂದ ಉಳಿದ ವ್ಯತ್ಯಾಸ ಮಣ್ಣಿನದು, ತಳಿಯದು, ತಯಾರಿಸಿದವರ ಕೈಯದು ಎಂಬುದು ಲೆಕ್ಕ. ಲೆಕ್ಕವೇನೋ ಸರಿ. ಆದರೆ ಆರೂ ಬಾಟಲಿಗೆ ಸಮನಾಗಿ ಮುದ್ರೆ ಒತ್ತುವುದು ವರ್ಷ ಮಾತ್ರವಲ್ಲ. ಬಾಟಲಿ ಬಂದ ದಾರಿಯೂ ಒತ್ತುತ್ತದೆ, ಸುರಿದ ಕೋಣೆಯೂ ಒತ್ತುತ್ತದೆ. ಕರಾವಳಿಯ ಸೆಕೆಯಲ್ಲಿ ಈ ಮೂರನ್ನು ಬಿಡಿಸಿ ನೋಡದೆ ಕೊಟ್ಟ ಅಂಕಕ್ಕೆ ಬೆಲೆಯಿಲ್ಲ.

ಫ್ರಾನ್ಸಿನ ವೈನ್ ಸೀಮೆ ಬೋರ್ಡೊದ 2016ನ್ನೇ ತೆಗೆದುಕೊಳ್ಳಿ. ಆ ವರ್ಷ ಅಲ್ಲಿ ಮೊದಲ ಆರು ತಿಂಗಳು ವಿಪರೀತ ಮಳೆ, ಆಮೇಲೆ ಸೆಪ್ಟೆಂಬರ್ ಮಧ್ಯದವರೆಗೆ ಬರಗಾಲದಂಥ ಒಣ ಬೇಸಿಗೆ. ಸೆಪ್ಟೆಂಬರ್ ಮಳೆ ಹದವಾಗಿ ಬಿತ್ತು, ರಾತ್ರಿಗಳು ತಂಪಾಗಿದ್ದವು, ಕೊಯ್ಲು ಅಕ್ಟೋಬರ್‌ವರೆಗೂ ನಿಧಾನವಾಗಿ ನಡೆಯಿತು. ಹಾಗಾಗಿ 2016ರ ಒಳ್ಳೆಯ ಬಾಟಲಿಗಳಲ್ಲಿ ಒಗರು ಜಾಸ್ತಿ, ಹುಳಿ ಜೀವಂತ, ಮದ್ಯಸಾರ ಹದ. 2003ರಲ್ಲಿ ಬಿಸಿಗಾಳಿ, 2013ರಲ್ಲಿ ಚಳಿ-ಮಳೆ-ಕೊಳೆ, 2017ರ ಏಪ್ರಿಲ್ ಕೊನೆಯಲ್ಲಿ ಹಿಮ ಬಿದ್ದು ಚಿಗುರು ಸುಟ್ಟುಹೋದದ್ದು, ಇವೂ ಅಷ್ಟೇ, ಗ್ಲಾಸಿನಲ್ಲಿ ಗೊತ್ತಾಗುತ್ತವೆ. ಬಾಟಲಿ ತೆರೆಯುವ ಮೊದಲು ಆ ವರ್ಷದ ಹವಾಮಾನ ಇಷ್ಟಾದರೂ ಓದಿಕೊಂಡಿರಬೇಕು. ಲೇಬಲ್ ಮೇಲಿನ ವರ್ಷ ದ್ರಾಕ್ಷಿ ಕೊಯ್ದದ್ದು, ಬಾಟಲಿಗೆ ತುಂಬಿದ್ದಲ್ಲ; ಯುರೋಪಿನ ನಿಯಮದಂತೆ ಕನಿಷ್ಠ ಶೇ. 85ರಷ್ಟು ದ್ರಾಕ್ಷಿ ಆ ವರ್ಷದ್ದಿರಬೇಕು.

ಈಗ ನೋಡಿ: 2016 ಓದಿಕೊಂಡು ಕೂತಿದ್ದೀರಿ, ಆರೂ ಗ್ಲಾಸು ಮೂಗಿಗೆ ಘಾಟು ಹೊಡೆಯುತ್ತಿವೆ, ಹುಳಿ ಸಪ್ಪೆ. ಇದು ವರ್ಷದ ಗುಣವಲ್ಲ, ವೈನ್ ಬಿಸಿಯಾಗಿದೆ. ಕೆಂಪು ವೈನನ್ನು ‘ರೂಮ್ ಟೆಂಪರೇಚರ್’ನಲ್ಲಿ ಕೊಡಬೇಕೆಂಬ ಮಾತು ಹುಟ್ಟಿದ್ದು ಚಳಿದೇಶದ ಕೋಣೆಗಳಲ್ಲಿ. ನಮ್ಮಲ್ಲಿ ಕೋಣೆ ಅಂದರೆ 30 ಡಿಗ್ರಿ ಮಾರಾಯ್ರೆ. ಬೇಕಾದದ್ದು 16ರಿಂದ 18. ಫ್ರಿಜ್ಜಿನಲ್ಲಿ ಇಳಿಸಲು ಎರಡು ಗಂಟೆ ಹತ್ತಿರ ಬೇಕು. ಅರ್ಧ ಐಸು ಅರ್ಧ ನೀರು ತುಂಬಿದ ಬಕೆಟ್ಟಿನಲ್ಲಿ 10ರಿಂದ 12 ನಿಮಿಷ ಸಾಕು. ಬರೀ ಐಸು ಹಾಕಿದರೆ ಬಾಟಲಿಗೆ ಸರಿಯಾಗಿ ತಾಗುವುದಿಲ್ಲ, ನೀರು ಬೇಕೇ ಬೇಕು. 16ಕ್ಕೆ ಸುರಿಯಿರಿ, ಏಸಿ 24ರಲ್ಲಿದ್ದರೂ ಹತ್ತು ಹದಿನೈದು ನಿಮಿಷದಲ್ಲಿ ಗ್ಲಾಸು ಎರಡು ಮೂರು ಡಿಗ್ರಿ ಏರುತ್ತದೆ. ಉತ್ಸಾಹದಲ್ಲಿ 12ಕ್ಕೆ ಇಳಿಸಿದರೆ ಉಲ್ಟಾ ತಪ್ಪು: ಹಣ್ಣಿನ ವಾಸನೆ ಮುಚ್ಚಿಕೊಳ್ಳುತ್ತದೆ, ಒಗರು ಒರಟಾಗಿ ಎದ್ದು ನಿಲ್ಲುತ್ತದೆ, “ಈ ವರ್ಷ ಇನ್ನೂ ಹಣ್ಣಾಗಿಲ್ಲ” ಎಂದು ಪಾಪದ ವರ್ಷದ ತಲೆಗೆ ಕಟ್ಟುತ್ತೇವೆ.

ಕೋಣೆಯ ತಪ್ಪು ಹಿಡಿಯಲು ಒಂದು ಸಾಕ್ಷಿ ಬಾಟಲಿ ಇಡಬೇಕು. ಎಲ್ಲರಿಗೂ ರುಚಿ ಗೊತ್ತಿರುವ, ಬೇರೆ ವರ್ಷದ, ಬೇರೆ ಕಡೆಯ ವೈನ್. ನಂದಿ ಬೆಟ್ಟದ ಕಡೆಯ ಕೆಬರ್ನೆ-ಶಿರಾಜ್ (ಎರಡು ದ್ರಾಕ್ಷಿ ತಳಿಗಳ ಮಿಶ್ರಣ) ನಡೆಯುತ್ತದೆ. ಅದನ್ನು ಇತರ ಬಾಟಲಿಗಳ ಜೊತೆಗೇ ತಂಪು ಮಾಡಿ, ಅದೇ ತರದ ಗ್ಲಾಸಿಗೆ, ಎಲ್ಲಕ್ಕಿಂತ ಮೊದಲು ಸುರಿಯಿರಿ. ಅದೂ ಘಾಟಾದರೆ, ಅದೂ ಸಪ್ಪೆಯಾದರೆ ದೂರು ಬೋರ್ಡೊ ಮೇಲಲ್ಲ. ಅಲ್ಲಿಗೇ ನಿಲ್ಲಿಸಿ, ಕೋಣೆ ಸರಿಮಾಡಿ.

ದಾರಿಯದ್ದು ಇನ್ನೂ ಮೋಸ. ಏಪ್ರಿಲ್-ಮೇ ತಿಂಗಳಲ್ಲಿ ಘಾಟಿ ಇಳಿದು ಬರುವ ಮುಚ್ಚಿದ ಲಾರಿಯೊಳಗೆ ಪೆಟ್ಟಿಗೆ ಬೆಂದರೆ ವೈನ್ ಹಿಗ್ಗಿ ಕಾರ್ಕನ್ನು ಮೇಲೆ ತಳ್ಳುತ್ತದೆ. ಬಾಟಲಿ ಬಾಯಿಯ ಮೇಲಿನ ಕ್ಯಾಪ್ಸೂಲನ್ನು, ಅಂದರೆ ಕಾರ್ಕ್ ಮುಚ್ಚುವ ತೆಳು ಹೊದಿಕೆಯನ್ನು, ಬೆರಳಲ್ಲಿ ತಿರುಗಿಸಿ ನೋಡಿ. ಸಲೀಸಾಗಿ ತಿರುಗಿದರೆ ಸಾಮಾನ್ಯವಾಗಿ ಸೋರಿಲ್ಲ, ಅಂಟಿಕೊಂಡಿದ್ದರೆ ಅನುಮಾನ. ಕಾರ್ಕ್ ಬಾಟಲಿಯ ಅಂಚಿಗಿಂತ ಉಬ್ಬಿದೆಯೇ? ಕಿತ್ತ ಕಾರ್ಕಿನ ಬದಿಯಲ್ಲಿ ಕೆಂಪು ಗೆರೆ ತುದಿಯವರೆಗೆ ಹರಿದಿದೆಯೇ? ಹರಿದಿದ್ದರೆ ಆ ಬಾಟಲಿಯಲ್ಲಿ ತಾಜಾ ಹಣ್ಣಿನ ಬದಲು ಕುದಿಸಿದ ಜಾಮಿನ ವಾಸನೆ ಬರುವ ಸಂಭವ ಹೆಚ್ಚು. ಆರೂ ಬಾಟಲಿ ಒಂದೇ ಲಾರಿಯಲ್ಲಿ ಬಂದಿದ್ದರೆ ಆರೂ ಜಾಮಾಗುತ್ತವೆ, 2016 ಹೋಗಿ 2003 ಅನ್ನಿಸುತ್ತದೆ. ಬಣ್ಣವೂ ಸಹಾಯಕ್ಕೆ ಬರುತ್ತದೆ: ಬಿಳಿ ಕಾಗದದ ಮೇಲೆ ಗ್ಲಾಸು ವಾಲಿಸಿ ಅಂಚು ನೋಡಿ. ಒಂದೇ ವರ್ಷದ ಸಾಲಿನಲ್ಲಿ ಒಂದರ ಅಂಚು ಮಾತ್ರ ಇಟ್ಟಿಗೆ ಬಣ್ಣ ದಾಟಿ ಕಂದಾಗಿದ್ದರೆ ಅದಕ್ಕೆ ಗಾಳಿ ಅಥವಾ ಬಿಸಿ ತಾಗಿದೆ ಎಂದು ಮೊದಲು ಶಂಕಿಸಬೇಕು.

ವಾಸನೆಯ ವಿಷಯದಲ್ಲಿ ನಮ್ಮೂರು ಸ್ವಲ್ಪ ಕಷ್ಟದ ಜಾಗ. ಅಡುಗೆಮನೆಯ ಬಂಗುಡೆ ಫ್ರೈ ಎಲ್ಲರಿಗೂ ಗೊತ್ತಾಗುತ್ತದೆ, ಬಾಗಿಲು ಹಾಕುತ್ತಾರೆ. ಗೊತ್ತಾಗದೆ ಕೆಡಿಸುವುದು ತಲೆಗೆ ಮುಡಿದ ಶಂಕರಪುರ ಮಲ್ಲಿಗೆ, ರಿಸೆಪ್ಶನ್ನಿನ ಊದುಬತ್ತಿ, ಕಪಾಟಿನ ನುಸಿಗುಳಿಗೆ. ಗ್ಲಾಸುಗಳನ್ನು ಕಪಾಟಿನಲ್ಲಿ ಬೋರಲು ಹಾಕಿಟ್ಟರೆ ಮರದ ವಾಸನೆ ಒಳಗೇ ಸಿಕ್ಕಿಕೊಳ್ಳುತ್ತದೆ. ಬಿಸಿನೀರಲ್ಲಿ ತೊಳೆದು, ಮೂಸಿ ನೋಡಿ, ಆಮೇಲೆ ಸ್ವಲ್ಪ ವೈನ್ ಹಾಕಿ ತಿರುಗಿಸಿ ಚೆಲ್ಲಿ. ಮಳೆಗಾಲದಲ್ಲಿ ಇನ್ನೊಂದು ಉಪದ್ರ. ಟಿಸಿಎ (ಬೂಸ್ಟಿನಿಂದ ಕಾರ್ಕಿನಲ್ಲಿ ಹುಟ್ಟುವ ರಾಸಾಯನಿಕ) ತಗಲಿದ ಕಾರ್ಕಿನ ವೈನ್ ಒದ್ದೆ ರಟ್ಟಿನ, ಮುಗ್ಗಲು ಗೋಣಿಯ ವಾಸನೆ ಹೊಡೆಯುತ್ತದೆ. ಜುಲೈಯಲ್ಲಿ ಇಡೀ ಊರೇ ಆ ವಾಸನೆ, ಮೂಗು ಅದಕ್ಕೆ ಒಗ್ಗಿರುತ್ತದೆ, ದೋಷ ದಾಟಿಹೋಗುತ್ತದೆ. ಟಿಸಿಎ ಅಲ್ಪವಾಗಿದ್ದರೆ ಮುಗ್ಗಲೂ ಬರುವುದಿಲ್ಲ, ಹಣ್ಣು ಮಾತ್ರ ಮಂಕಾಗುತ್ತದೆ. ಹಾಗಾಗಿ ಸಾಲಿನಲ್ಲಿ ಒಂದೇ ಒಂದು ಮೂಕವಾಗಿದ್ದರೆ “ಸಾಧಾರಣ” ಎಂದು ಬರೆಯಬೇಡಿ. ಎರಡನೇ ಬಾಟಲಿ ತೆರೆಯಿರಿ. ಪ್ರತಿಯೊಂದರಲ್ಲೂ ಎರಡು ಬಾಟಲಿ ತರಿಸುವುದು ಅದಕ್ಕೇ.

ಸುರಿಯುವ ಲೆಕ್ಕ ಸರಳ. ಐಎಸ್‌ಒ ಗ್ಲಾಸು (ರುಚಿ ನೋಡಲೆಂದೇ ಇರುವ ಅಂತರರಾಷ್ಟ್ರೀಯ ಮಾನದಂಡದ್ದು) 215 ಮಿ.ಲೀ. ಹಿಡಿಯುತ್ತದೆ, ಅದಕ್ಕೆ 50 ಮಿ.ಲೀ. ಸಾಕು. ಎಂಟು ಜನಕ್ಕೆ 400. 750ರ ಬಾಟಲಿಯಲ್ಲಿ ಮರುಪರೀಕ್ಷೆಗೂ ಮಿಗುತ್ತದೆ. ಮಡ್ಡಿ ಇರುವ ಬಾಟಲಿಯನ್ನು ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿ, ಕತ್ತಿನ ಕೆಳಗೆ ಟಾರ್ಚ್ ಹಿಡಿದು ಒಂದೇ ಕೈಯಲ್ಲಿ ನಿಧಾನ ಬಗ್ಗಿಸಿ, ಕಪ್ಪು ಎಳೆ ಕತ್ತಿಗೆ ಬಂದಕೂಡಲೇ ನಿಲ್ಲಿಸಿ. ಒಂದನ್ನು ಡಿಕ್ಯಾಂಟರಿಗೆ, ಅಂದರೆ ವೈನಿಗೆ ಗಾಳಿ ತಾಗಿಸುವ ಗಾಜಿನ ಹೂಜಿಗೆ, ಹಾಕಿದರೆ ಎಲ್ಲವನ್ನೂ ಹಾಕಬೇಕು, ಒಂದೇ ಹೊತ್ತಿಗೆ. ಇಲ್ಲದಿದ್ದರೆ ಗಾಳಿ ಕುಡಿದ ವೈನ್ ಸುಮ್ಮನೆ ಗೆಲ್ಲುತ್ತದೆ. ಹೆಸರು ಕಾಣದಂತೆ ಬಾಟಲಿಗೆ ಚೀಲ, ಚೀಲಕ್ಕೆ ನಂಬರು.

ಬಾಯಿಯಲ್ಲಿ ಅಳೆಯಬೇಕಾದ ಮುಖ್ಯ ವಸ್ತು ಒಗರು, ಅಂದರೆ ಟ್ಯಾನಿನ್. ಈ ಪಾಠಕ್ಕೆ ಅಡಿಕೆ ಗೊತ್ತಿರುವ ಊರಿನವರಿಗೆ ಪುಸ್ತಕ ಬೇಡ. ಒಳ್ಳೆಯ ಚಾಲಿ ಅಡಿಕೆ ಒಸಡನ್ನು ಹಿಡಿಯುತ್ತದೆ, ಜೊಲ್ಲು ಬಂದಕೂಡಲೇ ಬಿಡುತ್ತದೆ. ಕಾಯಿ ಗೇರುಹಣ್ಣು ಗಂಟಲನ್ನು ಕೆರೆಯುತ್ತದೆ, ಬಿಡುವುದೇ ಇಲ್ಲ. ಹಣ್ಣಾದ ಟ್ಯಾನಿನ್ ಮೊದಲಿನದು, ಹಸಿ ಟ್ಯಾನಿನ್ ಎರಡನೆಯದು. 2016ರಲ್ಲಿ ಒಗರಿನ ಪ್ರಮಾಣ ಎಲ್ಲರಿಗೂ ವರ್ಷವೇ ಕೊಟ್ಟದ್ದು, ಅದಕ್ಕೆ ಅಂಕ ಕಡಿಯಬಾರದು. ಅದು ಹಿಡಿದು ಬಿಡುತ್ತದೋ ಕೆರೆಯುತ್ತದೋ ಎಂಬುದು ತೋಟದ್ದು, ಕೊಯ್ಲಿನ ದಿನದ್ದು, ತಯಾರಕರ ಕೈಯದು. ಅಂಕ ಅದಕ್ಕೆ. ಬೋರ್ಡೊದಲ್ಲಿ ನದಿಯ ಎಡದಂಡೆಯ ಮೆಡಾಕ್‌ನ ಕೆಬರ್ನೆಗೆ ಜಲ್ಲಿ ನೆಲ, ಹೆಚ್ಚು ಒಗರು. ವಯಸ್ಸಾದಂತೆ ಬೀಡಿ ಕಟ್ಟುವ ಮನೆಯ ಹೊಗೆಸೊಪ್ಪಿನ ವಾಸನೆ. ಬಲದಂಡೆಯ ಸೇಂಟ್ ಎಮಿಲಿಯೋಂ, ಪೊಮೆರಾಲ್‌ಗಳಲ್ಲಿ ಮರ್ಲೊ ತಳಿ ಮುಂದೆ, ಮೆದು. ಲವಂಗದ ವಾಸನೆ ಓಕ್ ಪೀಪಾಯಿಯಿಂದ ಬಂದದ್ದು, ದ್ರಾಕ್ಷಿಯದ್ದಲ್ಲ.

ಒಗರು ಬಾಯಲ್ಲಿ ಕೂಡುತ್ತಾ ಹೋಗುವುದರಿಂದ ಆರನೆಯ ಗ್ಲಾಸಿಗೆ ಯಾವಾಗಲೂ ಅನ್ಯಾಯ. ನಡುವೆ ಎರಡು ನಿಮಿಷ ಬಿಡಿ, ಸಪ್ಪೆ ಬ್ರೆಡ್ಡು, ಕ್ಲೋರಿನ್ ವಾಸನೆಯಿಲ್ಲದ ನೀರು. ಚಟ್ನಿ, ಗೋಳಿಬಜೆ ಆಮೇಲೆ. ಅರ್ಧ ಜನ ಒಂದರಿಂದ ಶುರು ಮಾಡಲಿ, ಉಳಿದರ್ಧ ಕೊನೆಯಿಂದ. ಉಗುಳುವುದು ಕಡ್ಡಾಯ: ಏಳು ಗ್ಲಾಸು ನುಂಗಿದರೆ 350 ಮಿ.ಲೀ., ಆಮೇಲಿನದು ತೀರ್ಪಲ್ಲ, ಹರಟೆ. ಏಳು ಯಾಕೆಂದರೆ ಆರರಲ್ಲಿ ಒಂದನ್ನು ಯಾರಿಗೂ ಹೇಳದೆ ಎರಡು ನಂಬರಿನಲ್ಲಿ ಇಡಬೇಕು. ಇಪ್ಪತ್ತರಲ್ಲಿ ಅಂಕ: ಬಣ್ಣಕ್ಕೆ 2, ಮೂಗಿಗೆ 6, ಬಾಯಿಗೆ 8, ಸಮತೋಲ ಮತ್ತು ಉಳಿಯುವ ರುಚಿಗೆ 4. ಅದೇ ವೈನಿಗೆ ಒಬ್ಬರು ಒಮ್ಮೆ 14, ಒಮ್ಮೆ 17 ಕೊಟ್ಟರೆ ಆ ದಿನ ಅವರ ಹಾಳೆ ಪಕ್ಕಕ್ಕೆ. ಹಿರಿಯರಾದರೂ ಸರಿ, ಮ್ಯಾನೇಜರ್ ಸಾಹೇಬರಾದರೂ ಸರಿ.

ಅಂಕ ಕೂಡಿಸಿದ ಮೇಲೂ ಚೀಲ ಬಿಚ್ಚಬೇಡಿ. ಮಿಕ್ಕ ವೈನಿಗೆ ಕಾರ್ಕ್ ಹಾಕಿ ಫ್ರಿಜ್ಜಿನಲ್ಲಿಟ್ಟು ಮರುದಿನ ಅದೇ ಹೊತ್ತಿಗೆ, ಅದೇ 16 ಡಿಗ್ರಿಗೆ ತಂದು ಮತ್ತೊಮ್ಮೆ ನೋಡಿ. ಹಿಂದಿನ ದಿನ ಮೂಗಿಗೆ ರಾಚಿದ ಓಕ್ ಇಳಿದು ಹಣ್ಣು ಉಳಿದಿದ್ದರೆ ಒಂದು ಪೆಟ್ಟಿಗೆ ತರಿಸಬಹುದು. ಹಣ್ಣು ಹೋಗಿ ಲವಂಗ ಮಾತ್ರ ಉಳಿದಿದ್ದರೆ ಹೆಸರು ಎಷ್ಟು ದೊಡ್ಡದಿದ್ದರೂ ಪಟ್ಟಿಗೆ ಬೇಡ.