ಜೀಪಿನ ಬ್ರೇಕ್ ಕೆಲಸ: ಮಾಸ್ಟರ್ ಸಿಲಿಂಡರ್ ಆಯ್ಕೆ ಮುಗಿಯಿತು

ಮುಂದಿನ ಚಕ್ರಗಳಿಗೆ ಡಿಸ್ಕ್ ಕೂರಿಸಿದ್ದಾಯಿತು. ಹಿಂದೆ ಹಳೆಯ 9 ಇಂಚಿನ ಡ್ರಮ್ಮೇ ಇದೆ. ಗಾಡಿ ಮಹೀಂದ್ರಾ ಸಿಜೆ-3ಬಿ, ಪೆಟ್ರೋಲ್ ಎಂಜಿನ್ ಹೋಗಿ ಡೀಸೆಲ್ ಬಂದು ಬಹಳ ಕಾಲವಾಯಿತು. ಮೂಡಿಗೆರೆ ಕಡೆಯ ತೋಟದ ಜೀಪು. ಗೊಬ್ಬರದ ಮೂಟೆ ಹೊರುತ್ತದೆ, ಚಾರ್ಮಾಡಿ ಘಾಟಿಯನ್ನೂ ಇಳಿಯುತ್ತದೆ. ಹಾಗಾಗಿ ಮಾಸ್ಟರ್ ಸಿಲಿಂಡರ್ (ಪೆಡಲ್ ತುಳಿದಾಗ ಬ್ರೇಕ್ ಆಯಿಲನ್ನು ಚಕ್ರಗಳ ಕಡೆಗೆ ಒತ್ತುವ ಭಾಗ) ವಿಷಯದಲ್ಲಿ ಅವಸರ ಮಾಡಲಿಲ್ಲ.

ಹಳೆಯದಕ್ಕೆ ಹೊಸ ರಬ್ಬರ್ ಸೀಲುಗಳ ಕಿಟ್ ಹಾಕಿ ಮುಗಿಸಬಹುದಿತ್ತು. ಒಳಗೆ ತುಕ್ಕಿನ ಗುಳಿ ಬಿದ್ದಿದ್ದರೂ ಲೇತ್‌ನಲ್ಲಿ ಹಿತ್ತಾಳೆ ಸ್ಲೀವ್ ಹಾಕಿಸಿದರೆ ಬದುಕುತ್ತಿತ್ತು. ಆದರೆ ಅದು ಒಂದೇ ಲೈನಿನದು. ಎಲ್ಲಿ ಒಂದು ಪೈಪ್ ಸೋರಿದರೂ ನಾಲ್ಕೂ ಚಕ್ರದ ಬ್ರೇಕ್ ಹೋಯಿತು. ಆಮೇಲೆ ಉಳಿಯುವುದು ಪ್ರೊಪೆಲ್ಲರ್ ಶಾಫ್ಟ್ ಹಿಡಿಯುವ ಹ್ಯಾಂಡ್‌ಬ್ರೇಕ್ ಮಾತ್ರ. ಜೊತೆಗೆ ಸಿಲಿಂಡರ್ ಇರುವುದು ಕಾಲಡಿಯ ತಗಡಿನ ಕೆಳಗೆ, ಚಾಸಿಸ್ ಪಕ್ಕ. ಮಳೆಗಾಲದಲ್ಲಿ ಬ್ರೇಕ್ ಆಯಿಲ್ ನೋಡಲು ಮುಚ್ಚಳ ತೆಗೆದರೆ ಕೆಸರು ಒಳಗೇ ಬೀಳುತ್ತದೆ. ಮುಂದಕ್ಕೆ ಒಂದು, ಹಿಂದಕ್ಕೆ ಒಂದು ಲೈನ್ ಇರುವ ಟ್ಯಾಂಡಮ್ಮೇ ಬೇಕು ಅಂತ ಮೊದಲೇ ಗಟ್ಟಿ ಮಾಡಿಕೊಂಡಿದ್ದೆ.

ಬೂಸ್ಟರ್ ಹಾಕಿ ಅಂತ ತುಂಬ ಜನ ಹೇಳಿದರು. ವ್ಯಾಕ್ಯೂಮ್ ಬಲದಿಂದ ಕಾಲಿನ ಒತ್ತಡವನ್ನು ಹೆಚ್ಚಿಸುವ ಡಬ್ಬಿ ಅದು. ಡೀಸೆಲ್ ಎಂಜಿನ್ನಿನ ಮ್ಯಾನಿಫೋಲ್ಡ್‌ನಲ್ಲಿ ಬೂಸ್ಟರ್‌ಗೆ ಬೇಕಾದ ವ್ಯಾಕ್ಯೂಮ್ ಸಿಗುವುದಿಲ್ಲ. ವ್ಯಾಕ್ಯೂಮ್ ಪಂಪ್ ಇರುವ ಆಲ್ಟರ್ನೇಟರ್ ಹಾಕಬೇಕು, ಪೆಡಲನ್ನು ಮೇಲಿನಿಂದ ನೇತುಹಾಕಬೇಕು, ಮುಂದಿನ ತಗಡು ಕೊಯ್ಯಬೇಕು. ಇಷ್ಟೆಲ್ಲ ಮಾಡಿದ ಮೇಲೂ ಘಾಟಿಯಲ್ಲಿ ಎಂಜಿನ್ ನಿಂತರೆ ಒಂದೆರಡು ಸಲ ತುಳಿಯುವಷ್ಟರಲ್ಲಿ ಬೂಸ್ಟರ್ ಖಾಲಿ. ಈ ಗಾಡಿಗೆ ಅದು ಬೇಡ ಅನ್ನುವುದೇ ನನ್ನ ಅಭಿಪ್ರಾಯ.

ಹಾಗಾದರೆ ಬೋರ್, ಅಂದರೆ ಸಿಲಿಂಡರ್ ಒಳಗಿನ ವ್ಯಾಸ, ಎಷ್ಟಿರಬೇಕು? ಇಡೀ ಆಯ್ಕೆ ನಿಂತಿರುವುದು ಇದರ ಮೇಲೆ. ದೊಡ್ಡ ಸಿಲಿಂಡರ್ ಅಂದರೆ ಜಾಸ್ತಿ ಬ್ರೇಕ್ ಅಂತ ಬಹಳ ಜನ ನಂಬಿದ್ದಾರೆ. ನಿಜ ಅದಕ್ಕೆ ಉಲ್ಟಾ. ಬೋರ್ ಸಣ್ಣದಾದಷ್ಟೂ ಅದೇ ಕಾಲಿನ ಬಲಕ್ಕೆ ಒತ್ತಡ ಹೆಚ್ಚು, ಆದರೆ ಪೆಡಲ್ ಆಳಕ್ಕೆ ಹೋಗುತ್ತದೆ. ಹಳೆಯದು 1 ಇಂಚಿನದು. ಡ್ರಮ್ಮಿನಲ್ಲಿ ಚಕ್ರದ ತಿರುಗುವಿಕೆಯೇ ಬ್ರೇಕ್ ಶೂವನ್ನು ಡ್ರಮ್ಮಿನ ಗೋಡೆಯ ಕಡೆಗೆ ಎಳೆದುಕೊಳ್ಳುತ್ತದೆ, ಹಾಗಾಗಿ ಅಷ್ಟು ಸಾಕಿತ್ತು. ಡಿಸ್ಕ್‌ಗೆ ಆ ಸಹಾಯ ಇಲ್ಲ. ಪೂರ್ತಿ ಒತ್ತಡ ನಮ್ಮ ಕಾಲಿನಿಂದಲೇ ಬರಬೇಕು.

ನನ್ನ ಪೆಡಲಿನ ಅನುಪಾತ ಸುಮಾರು 6ಕ್ಕೆ 1. ಕಾಲು 30 ಕೆಜಿ ಒತ್ತಿದರೆ ಸಿಲಿಂಡರ್‌ಗೆ 180 ಕೆಜಿ. 1 ಇಂಚಿನ ಬೋರ್‌ನಲ್ಲಿ ಅದು ಚದರ ಸೆಂಟಿಮೀಟರಿಗೆ ಸುಮಾರು 35 ಕೆಜಿ ಒತ್ತಡ. 7/8 ಇಂಚಿನಲ್ಲಿ 46. ಮುಕ್ಕಾಲು ಇಂಚಿನಲ್ಲಿ 63. ಇಷ್ಟು ನೋಡಿದರೆ ಮುಕ್ಕಾಲು ಇಂಚೇ ಸರಿ ಅನ್ನಿಸುತ್ತದೆ, ಅಲ್ವಾ? ಆದರೆ ಡಿಸ್ಕಿಗೆ ಪ್ಯಾಡ್ ಒತ್ತುವ ಕ್ಯಾಲಿಪರ್‌ಗೂ ಹಿಂದಿನ ಡ್ರಮ್ಮಿನಲ್ಲಿ ಶೂ ಒತ್ತುವ ವೀಲ್ ಸಿಲಿಂಡರ್‌ಗೂ ಸೇರಿ ಸುಮಾರು 4 ಸಿಸಿ ಆಯಿಲ್ ಸಾಗಬೇಕು ಅಂತ ಲೆಕ್ಕ ಹಾಕಿದೆ. ಅದಕ್ಕೆ 1 ಇಂಚಿನಲ್ಲಿ ಪೆಡಲ್ 47 ಮಿ.ಮೀ. ಇಳಿಯುತ್ತದೆ, 7/8ರಲ್ಲಿ 62, ಮುಕ್ಕಾಲರಲ್ಲಿ 84. ಇದರ ಮೇಲೆ ಪೆಡಲಿನ ಫ್ರೀ ಪ್ಲೇ (ಸಿಲಿಂಡರ್ ಕೆಲಸ ಶುರುವಾಗುವ ಮೊದಲಿನ ಖಾಲಿ ಓಟ) 12 ಮಿ.ಮೀ. ಡ್ರಮ್ ಕಾದು ಹಿಗ್ಗಿದರೆ ಇನ್ನೂ ಸ್ವಲ್ಪ.

ಮುಖ್ಯವಾದದ್ದು ಇನ್ನೊಂದಿದೆ. ಟ್ಯಾಂಡಮ್‌ನಲ್ಲಿ ಒಂದು ಲೈನ್ ಒಡೆದರೆ ಆ ಭಾಗದ ಪಿಸ್ಟನ್ ಪೂರ್ತಿ ಓಡಿ ತಾಗಿದ ಮೇಲೆಯೇ ಇನ್ನೊಂದು ಲೈನಿಗೆ ಒತ್ತಡ ಸಿಗುವುದು. ಅಷ್ಟು ಜಾಗ ಪೆಡಲಿನ ಕೆಳಗೆ ಉಳಿದಿರಬೇಕು. ಮುಕ್ಕಾಲು ಇಂಚು ಹಾಕಿದರೆ ಆ ಹೊತ್ತಿಗೆ ಪೆಡಲ್ ನೆಲಕ್ಕೆ ತಾಗಿಬಿಡುತ್ತದೆ. ಟ್ಯಾಂಡಮ್ ಹಾಕಿಯೂ ಉಪಯೋಗ ಇಲ್ಲದಂತಾಗುತ್ತದೆ. ಹಾಗಾಗಿ 7/8 ಇಂಚು.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಆ ಅಳತೆಯ ಟ್ಯಾಂಡಮ್ ಕೇಳಿದರೆ ಸಾಲಾಗಿ ತಂದಿಡುತ್ತಾರೆ. ನೋಡಬೇಕಾದದ್ದು ಪಿಸ್ಟನ್ನಿನ ಹಿಂದೆ ಪೆಡಲಿನ ರಾಡ್ ಕೂರುವ ಗುಳಿ. ಬೂಸ್ಟರ್ ಜೊತೆ ಬರುವ ಸಿಲಿಂಡರ್‌ಗಳಲ್ಲಿ ಅದು ಸಾಮಾನ್ಯವಾಗಿ ತೀರಾ ಮೇಲುಮೇಲೆ ಇರುತ್ತದೆ. ಅದಕ್ಕೆ ನೇರ ಪೆಡಲಿನ ರಾಡ್ ಕೊಟ್ಟರೆ ಒಂದು ದಿನ ರಾಡ್ ಜಾರಿ ಬೀಳಬಹುದು. ರಾಡ್ ಒಳಗೆ ಚೆನ್ನಾಗಿ ಕೂರುವ ಆಳದ ಗುಳಿ ಇರುವುದನ್ನೇ ಆರಿಸಿದೆ.

ಎರಡನೆಯದು ಪೈಪಿನ ಥ್ರೆಡ್. ಜೀಪಿನ ಹಳೆಯ ನಟ್ 3/8 ಇಂಚಿನದು, ಇಂಚಿಗೆ 24 ಸುತ್ತು. ಹೊಸ ಸಿಲಿಂಡರ್ 10 ಮಿ.ಮೀ., 1 ಮಿ.ಮೀ. ಪಿಚ್ (ಸುತ್ತಿನಿಂದ ಸುತ್ತಿಗೆ ಇರುವ ಅಂತರ). ಹಳೆಯ ನಟ್ ಹೊಸ ತೂತಿಗೆ ಸಡಿಲವಾಗಿ ಹೋಗುತ್ತದೆ, ಹಿಡಿದುಕೊಂಡಂತೆಯೂ ಕಾಣುತ್ತದೆ. ದಯವಿಟ್ಟು ಯಾರೂ ಹಾಗೆ ಬಿಡಬೇಡಿ, ಜೋರಾಗಿ ತುಳಿದಾಗ ಥ್ರೆಡ್ ಕಿತ್ತು ಬರಬಹುದು. ನಾನು ಪೈಪನ್ನೇ ಹೊಸದಾಗಿ ಮಾಡಿಸುತ್ತಿದ್ದೇನೆ, ತುದಿಯ ಫ್ಲೇರ್ (ಅಗಲಿಸಿದ ಬಾಯಿ) ಕೂಡ ಹೊಸ ಸಿಲಿಂಡರ್‌ಗೆ ಹೊಂದುವ ಹಾಗೆ.

ಡ್ರಮ್ ಗಾಡಿಯ ಹಳೆಯ ಸಿಲಿಂಡರ್‌ನ ತುದಿಯಲ್ಲಿ ಒಂದು ಚೆಕ್ ವಾಲ್ವ್ ಇರುತ್ತದೆ. ಅದು ಲೈನಿನಲ್ಲಿ ಸ್ವಲ್ಪ ಒತ್ತಡ ಉಳಿಸಿಕೊಳ್ಳುತ್ತದೆ. ಡಿಸ್ಕ್ ಲೈನಿನಲ್ಲಿ ಅದು ಇದ್ದರೆ ಪ್ಯಾಡ್ ಉಜ್ಜುತ್ತಲೇ ಇರುತ್ತದೆ. ಹೊಸದರಲ್ಲಿ ಮುಂದಿನ ಲೈನಿಗೆ ಅದಿಲ್ಲ, ಬಿಚ್ಚಿ ನೋಡಿದ್ದೇನೆ.

ಸಿಲಿಂಡರ್ ಕಾಲಡಿಯಲ್ಲೇ ಇರುತ್ತದೆ, ದಪ್ಪ ಪ್ಲೇಟಿನ ಮೇಲೆ. ಆಯಿಲ್ ಡಬ್ಬಿಯನ್ನು ಮಾತ್ರ ಬಾನೆಟ್ ಒಳಗೆ ಎತ್ತರದಲ್ಲಿ ಇಡುತ್ತೇನೆ. ಕ್ಯಾಲಿಪರ್‌ನಿಂದ ಆಯಿಲ್ ವಾಪಸ್ ಇಳಿದು ಬರುವ ಭಯ ಇಲ್ಲ, ಮಟ್ಟವನ್ನೂ ನಿಂತಲ್ಲೇ ನೋಡಬಹುದು.

ಪ್ಲೇಟ್ ಕೊಯ್ದು ಆಗಿದೆ, ಪೈಪ್ ಈ ವಾರ ಬರುತ್ತದೆ. ಸಿಲಿಂಡರನ್ನು ಮೊದಲು ಮೇಜಿನ ವೈಸ್‌ಗೆ (ಬಿಗಿಹಿಡಿಯುವ ಇಕ್ಕಳ) ಕಟ್ಟಿ ಏರ್ ತೆಗೆದು ಆಮೇಲೆ ಗಾಡಿಗೆ ಹಾಕುತ್ತೇನೆ. ಮೊದಲ ಪರೀಕ್ಷೆ ಕಾಫಿ ಕಣದಲ್ಲಿ, ಖಾಲಿ ಗಾಡಿ. ಹಿಂದಿನ ಚಕ್ರ ಮೊದಲು ಲಾಕ್ ಆದರೆ ಆ ಲೈನಿಗೆ ಒತ್ತಡ ತಗ್ಗಿಸುವ ವಾಲ್ವ್ ಬೇಕಾಗುತ್ತದೆ. ಮೂಟೆ ಹೇರಿ ಇಳಿಜಾರಿಗೆ ಹೋಗುವುದು ಅದು ಸರಿಯಾದ ಮೇಲೆ.