ರಾವೆನ್ನಾದಲ್ಲಿ ಒಂದು ದಿನ: ಬೊಲೊನ್ಯಾದಿಂದ ಬೆಳಿಗ್ಗೆ ಹೋಗಿ ರಾತ್ರಿ ವಾಪಸ್ ಬರೋರಿಗೆ

ಇಟಲಿ ಟ್ರಿಪ್ ಅಂದ್ರೆ ಎಲ್ಲರ ಲಿಸ್ಟಲ್ಲೂ ಇರೋದು ರೋಮ್, ಫ್ಲಾರೆನ್ಸ್, ವೆನಿಸ್, ಟೈಮ್ ಉಳಿದ್ರೆ ಪೀಸಾ. ನಮ್ಮದೂ ಹೆಚ್ಚುಕಮ್ಮಿ ಅದೇ ಪ್ಲಾನ್ ಇತ್ತು, ಆದ್ರೆ ಮಧ್ಯೆ ಬೊಲೊನ್ಯಾದಲ್ಲಿ ಮೂರು ರಾತ್ರಿ ಇದ್ದಿದ್ರಿಂದ ಒಂದು ದಿನ ರಾವೆನ್ನಾಗೆ ಅಂತ ಎತ್ತಿಟ್ವಿ, ಈಗ ಯಾರಾದ್ರೂ ಇಟಲಿಗೆ ಹೋಗ್ತೀವಿ ಅಂದ್ರೆ ನಾನು ಮೊದಲು ಹೇಳೋದೇ ಆ ಊರಿನ ಹೆಸರು. ನಾನು, ನಮ್ಮನೆಯವರು, ಜೊತೆಗೆ ಅಮ್ಮ. ಅಮ್ಮನಿಗೆ ಅರವತ್ತೇಳು, ಮಂಡಿ ನೋವಿದೆ, ಮೆಟ್ಟಿಲು ಜಾಸ್ತಿ ಆಗಲ್ಲ. ಹಿರಿಯರನ್ನ ಕರ್ಕೊಂಡು ಹೋಗೋರಿಗೆ ಇದು ತುಂಬಾ ಒಳ್ಳೆ ಊರು ಯಾಕಂದ್ರೆ ಪೂರ್ತಿ ಸಮತಟ್ಟು, ಏರು ಇಳಿಜಾರು ಇಲ್ವೇ ಇಲ್ಲ, ಊರಿನ ಒಳಗಿನ ನೋಡೋ ಜಾಗ ಎಲ್ಲಾ ಹತ್ತು ಹದಿನೈದು ನಿಮಿಷದ ನಡಿಗೆ, ಸ್ಥಳೀಯರೆಲ್ಲ ಸೈಕಲ್‌ನಲ್ಲೇ ಓಡಾಡ್ತಾರೆ.

ಬೊಲೊನ್ಯಾ ಸೆಂಟ್ರಲ್ ಸ್ಟೇಷನ್‌ನಿಂದ ರೀಜನಲ್ ಟ್ರೈನ್ ಇದೆ, ಒಂದೂಕಾಲು ಗಂಟೆ ಆಸುಪಾಸು. ಫಾಸ್ಟ್ ಟ್ರೈನ್ ತರ ತಿಂಗಳ ಮುಂಚೆ ಬುಕ್ ಮಾಡ್ಬೇಕು ಅಂತೇನಿಲ್ಲ, ರೀಜನಲ್ ಟಿಕೆಟ್ ರೇಟ್ ಫಿಕ್ಸೆಡ್, ಆವತ್ತೇ ತಗೊಂಡ್ರೂ ಅದೇ ದುಡ್ಡು. ಆದ್ರೆ ಪೇಪರ್ ಟಿಕೆಟ್ ತಗೊಂಡ್ರೆ ಹತ್ತೋ ಮುಂಚೆ ಪ್ಲಾಟ್‌ಫಾರ್ಮ್ ಹತ್ರ ಇರೋ ಚಿಕ್ಕ ಮಷೀನ್‌ಗೆ ತೂರಿಸಿ ಸ್ಟ್ಯಾಂಪ್ ಹಾಕಿಸ್ಲೇಬೇಕು, ಇಲ್ಲ ಅಂದ್ರೆ ಟಿಕೆಟ್ ಕೈಯಲ್ಲಿದ್ರೂ ಫೈನ್ ಬೀಳುತ್ತೆ. ಮೊಬೈಲ್ ಟಿಕೆಟ್ ಆದ್ರೆ ಚೆಕ್-ಇನ್ ಕೇಳ್ತಾ ಇದೆಯಾ ನೋಡ್ಕೊಳ್ಳಿ. ನಮ್ಮ ಎದುರು ಸೀಟಲ್ಲಿದ್ದ ಹುಡುಗಿ ಸ್ಟ್ಯಾಂಪ್ ಮರೆತು ಫೈನ್ ಕಟ್ಟಿದ್ದನ್ನ ಕಣ್ಣಾರೆ ನೋಡಿದ್ವಿ, ಪಾಪ ಮುಖ ಸಪ್ಪಗಾಗಿಬಿಡ್ತು.

ಹೋಗೋ ಮುಂಚೆ ಒಂಚೂರು ಹಿನ್ನೆಲೆ ತಿಳ್ಕೊಂಡು ಹೋಗಿ, ಇಲ್ಲದಿದ್ರೆ ಇಷ್ಟು ಚಿಕ್ಕ ಊರಲ್ಲಿ ಇಷ್ಟೊಂದು ಹಳೇ ಚರ್ಚು, ಸಮಾಧಿ, ಅದರ ಗೋಡೆ ತುಂಬಾ ಮೊಸಾಯಿಕ್ (ಗಾಜಿನ ಚೂರು ಜೋಡಿಸಿ ಮಾಡಿದ ಚಿತ್ರ) ಯಾಕಿದೆ ಅಂತ ಅರ್ಥ ಆಗಲ್ಲ. 402ರಲ್ಲಿ ಹೊನೋರಿಯಸ್ ಅನ್ನೋ ಚಕ್ರವರ್ತಿ ಪಶ್ಚಿಮ ರೋಮನ್ ಸಾಮ್ರಾಜ್ಯದ ರಾಜಧಾನೀನ ಮಿಲಾನ್‌ನಿಂದ ಇಲ್ಲಿಗೆ ತಂದ. ಕಾರಣ ಸುತ್ತ ಜೌಗು ನೆಲ, ಶತ್ರು ನುಗ್ಗೋದು ಕಷ್ಟ, ಪಕ್ಕದಲ್ಲೇ ಕ್ಲಾಸ್ಸೆ ಅನ್ನೋ ದೊಡ್ಡ ಬಂದರು. ಆಮೇಲೆ ಆ ಸಾಮ್ರಾಜ್ಯ ಬಿತ್ತು, ಗೋಥರು ಅನ್ನೋ ಜರ್ಮನಿಕ್ ಬುಡಕಟ್ಟಿನವರ ರಾಜ ಥಿಯೊಡೊರಿಕ್ 493ರಿಂದ 526ರವರೆಗೆ ಇಲ್ಲಿಂದ ಆಳಿದ, 540ರಲ್ಲಿ ಕಾನ್‌ಸ್ಟಾಂಟಿನೋಪಲ್‌ನವರು, ಅಂದ್ರೆ ಪೂರ್ವ ರೋಮನ್ ಸಾಮ್ರಾಜ್ಯದವರು, ಬಂದು ಗೆದ್ರು. ಹೀಗೆ ಮೂರು ಆಳ್ವಿಕೆಯವರೂ ಪೈಪೋಟಿಗೆ ಬಿದ್ದ ಹಾಗೆ ಕಟ್ಟಿಸಿದ್ದು ಎಲ್ಲಾ ಇನ್ನೂರು ವರ್ಷದ ಒಳಗೆ. ಅದರಲ್ಲಿ ಎಂಟು ಕಟ್ಟಡ 1996ರಿಂದ ಯುನೆಸ್ಕೋ ಪಟ್ಟಿಯಲ್ಲಿವೆ.

ಟಿಕೆಟ್ ವಿಷಯ ಸ್ವಲ್ಪ ಗಮನ ಇಟ್ಟು ಓದಿ, ನಾವು ಎಡವಿದ್ದು ಇಲ್ಲೇ. ಸಾನ್ ವಿತಾಲೆ ಚರ್ಚು, ಗಾಲ್ಲಾ ಪ್ಲಾಚಿದಿಯಾ ಸಮಾಧಿ, ನಿಯೋನಿಯನ್ ಬ್ಯಾಪ್ಟಿಸ್ಟ್ರಿ (ದೀಕ್ಷಾಸ್ನಾನ ಮಾಡಿಸೋ ಕಟ್ಟಡ), ಸಾಂತಪೊಲ್ಲಿನಾರೆ ನುವೋವೊ ಚರ್ಚು, ಬಿಷಪ್ ಮ್ಯೂಸಿಯಂ ಇಷ್ಟಕ್ಕೂ ಸೇರಿ ಒಂದೇ ಕಂಬೈಂಡ್ ಟಿಕೆಟ್ ಇದೆ. ಆದ್ರೆ ಗಾಲ್ಲಾ ಪ್ಲಾಚಿದಿಯಾ ಮತ್ತೆ ಬ್ಯಾಪ್ಟಿಸ್ಟ್ರಿ ಎರಡಕ್ಕೂ ಟೈಮ್ ಸ್ಲಾಟ್ ಬುಕ್ ಮಾಡ್ಬೇಕು, ಯಾಕಂದ್ರೆ ಒಳಗೆ ಜಾಗ ಕಮ್ಮಿ, ಕೆಲವೇ ಜನರನ್ನ ಬಿಡ್ತಾರೆ, ಅದೂ ಐದು ನಿಮಿಷಕ್ಕೆ. ನಾವು ಹತ್ತು ಗಂಟೆ ಸ್ಲಾಟ್ ತಗೊಂಡು ಸ್ಟೇಷನ್ ಹತ್ರ ಕಾಫಿ ಕುಡೀತಾ ಕೂತು ಹತ್ತೂ ಹತ್ತಕ್ಕೆ ಹೋದ್ವಿ, ಸ್ಲಾಟ್ ಮುಗಿದಿತ್ತು. ಕೌಂಟರ್‌ನಲ್ಲಿದ್ದ ಹೆಂಗಸು ಅಮ್ಮನ ಮುಖ ನೋಡಿ ಮುಂದಿನ ಬ್ಯಾಚಲ್ಲಿ ಸೇರಿಸಿದ್ರು, ಆವತ್ತು ರಶ್ ಇರ್ಲಿಲ್ಲ ಅಂತ ಬಚಾವ್. ಏಪ್ರಿಲ್ ಮೇ ತಿಂಗಳಲ್ಲಿ ಸ್ಕೂಲ್ ಮಕ್ಕಳ ಟೂರ್ ಬಸ್ಸುಗಳು ತುಂಬಾ ಬರ್ತವೆ, ಏಪ್ರಿಲ್ 25 ಮತ್ತೆ ಮೇ 1 ಅಲ್ಲಿ ಸರ್ಕಾರಿ ರಜೆ, ಆ ದಿನಗಳನ್ನ ಬಿಟ್ಟು ಹೋಗಿ. ಸ್ಟೇಷನ್‌ನಿಂದ ಸಾನ್ ವಿತಾಲೆಗೆ ಹೋಗೋಕೆ ಹಿರಿಯರ ಜೊತೆ ಇಪ್ಪತ್ತೈದು ನಿಮಿಷ ಇಟ್ಕೊಳ್ಳಿ, ದಾರಿ ಚೆನ್ನಾಗಿದೆ, ಪಿಯಾಜ್ಜಾ ದೆಲ್ ಪೋಪೊಲೋ ಅನ್ನೋ ಮುಖ್ಯ ಚೌಕದ ಮೂಲಕ ಹೋಗುತ್ತೆ.

ಗಾಲ್ಲಾ ಪ್ಲಾಚಿದಿಯಾ ಸಮಾಧಿ ಹೊರಗಿಂದ ನೋಡಿದ್ರೆ ಏನೂ ಅನ್ಸಲ್ಲ. ಚಿಕ್ಕ ಇಟ್ಟಿಗೆ ಕಟ್ಟಡ, ನಮ್ಮ ಕಡೆ ತೋಟದಲ್ಲಿ ಪಂಪ್ ಹೌಸ್ ಇರುತ್ತಲ್ಲ ಅದನ್ನ ಸ್ವಲ್ಪ ದೊಡ್ಡದು ಮಾಡಿದ ಹಾಗೆ. ಅಮ್ಮ ಅಂತೂ "ಇಷ್ಟು ದೂರ ಬಂದಿದ್ದು ಇದಕ್ಕೇನೇ?" ಅಂತ ಕೇಳೇಬಿಟ್ಳು. ಒಳಗೆ ಹೋದ ತಕ್ಷಣ ಕತ್ತಲೆ, ಏನೂ ಕಾಣಲ್ಲ. ಕಿಟಕಿಗೆ ಗಾಜಿಲ್ಲ, ಅಲಬಾಸ್ಟರ್ ಅನ್ನೋ ತೆಳು ಕಲ್ಲಿನ ಹಲಗೆ ಇದೆ, ಬಿಸಿಲು ಅದನ್ನ ದಾಟಿ ಬರುವಾಗ ಜೇನುತುಪ್ಪದ ಬಣ್ಣ ಆಗಿರುತ್ತೆ. ಒಂದು ನಿಮಿಷ ಸುಮ್ನೆ ನಿಂತ್ಕೊಳ್ಳಿ, ಮೊಬೈಲ್ ತೆಗೀಬೇಡಿ. ಕಣ್ಣು ಹೊಂದ್ಕೊಳ್ತಾ ಹೊಂದ್ಕೊಳ್ತಾ ತಲೆ ಮೇಲೆ ಕಡು ನೀಲಿ ಆಕಾಶ, ಅದರ ತುಂಬಾ ಚಿನ್ನದ ನಕ್ಷತ್ರ, ನಡುವೆ ಒಂದು ಶಿಲುಬೆ, ಒಂದೊಂದಾಗಿ ಮೇಲೆ ಎದ್ದು ಬರುತ್ತೆ. ಪಾತ್ರೆ ಅಂಚಲ್ಲಿ ಕೂತು ನೀರು ಕುಡಿಯೋ ಪಾರಿವಾಳಗಳು, ಹಳ್ಳಕ್ಕೆ ಬಾಯಿ ಹಾಕಿದ ಜಿಂಕೆಗಳು, ಬಾಗಿಲ ಮೇಲೆ ಕುರಿ ಕಾಯೋ ಯೇಸು, ಇನ್ನೂ ಗಡ್ಡ ಬಂದಿಲ್ಲದ ಹುಡುಗನ ತರ. ಇದೆಲ್ಲ ಬಣ್ಣ ಬಳಿದಿದ್ದಲ್ಲ, ಉಗುರಿನಷ್ಟು ಗಾತ್ರದ ಗಾಜಿನ ಚೂರುಗಳನ್ನ ಒಂದೊಂದಾಗಿ ಗಾರೆಗೆ ಒತ್ತಿ ಮಾಡಿದ್ದು. ಚಿನ್ನದ ಚೂರು ಅಂದ್ರೆ ಎರಡು ಗಾಜಿನ ಪದರದ ಮಧ್ಯೆ ಚಿನ್ನದ ರೇಕು. ಚೂರುಗಳನ್ನ ಬೇಕು ಅಂತಾನೇ ಸ್ವಲ್ಪ ಓರೆಯಾಗಿ ಕೂರಿಸಿದ್ದಾರೆ, ಹಾಗಾಗಿ ನೀವು ಒಂದು ಹೆಜ್ಜೆ ಆಚೀಚೆ ಆದ್ರೆ ಸಾಕು, ಮಿಂಚೋ ಜಾಗ ಬದಲಾಗುತ್ತೆ. ಅಮ್ಮ ಕನ್ನಡಕ ತೆಗೆದು ಸೆರಗಲ್ಲಿ ಒರೆಸ್ಕೊಂಡು ಮತ್ತೆ ಹಾಕ್ಕೊಂಡು ನೋಡ್ತಾನೇ ಇದ್ಳು, ಐದು ನಿಮಿಷ ಆಯ್ತು ಅಂತ ಕರೆದಾಗ ಅವಳನ್ನ ಕೈ ಹಿಡಿದು ಹೊರಗೆ ಕರ್ಕೊಂಡು ಬರ್ಬೇಕಾಯ್ತು.

ಅಂದ ಹಾಗೆ ಗಾಲ್ಲಾ ಪ್ಲಾಚಿದಿಯಾ ಹೊನೋರಿಯಸ್‌ನ ಮಲತಂಗಿ, ಗೋಥರ ಕೈಗೆ ಸೆರೆ ಸಿಕ್ಕಿ ಅವರ ರಾಜನನ್ನೇ ಮದುವೆ ಆದವಳು, ಆಮೇಲೆ ವಾಪಸ್ ಬಂದು ಚಿಕ್ಕ ಮಗನ ಹೆಸರಲ್ಲಿ ಸಾಮ್ರಾಜ್ಯ ನಡೆಸಿದವಳು. ಅವಳು 450ರಲ್ಲಿ ತೀರ್ಕೊಂಡಿದ್ದು ರೋಮ್‌ನಲ್ಲಿ, ಇಲ್ಲಿ ಅವಳ ದೇಹ ಇಲ್ಲ ಅಂತಾನೇ ಹೇಳ್ತಾರೆ, ಆದ್ರೂ ಹೆಸರು ಉಳ್ಕೊಂಡಿದೆ.

ಅದೇ ಕಾಂಪೌಂಡಲ್ಲಿ ಸಾನ್ ವಿತಾಲೆ. 547ರಲ್ಲಿ ಪೂರ್ತಿ ಆದ ಎಂಟು ಮೂಲೆಯ ಚರ್ಚು. ಇಲ್ಲಿ ಟೈಮ್ ಲಿಮಿಟ್ ಇಲ್ಲ, ಕನಿಷ್ಠ ಒಂದು ಗಂಟೆ ಕೊಡಿ. ಒಳಗೆ ಹೋಗಿ ಮೇಲೆ ಗುಮ್ಮಟ ನೋಡಿ ಇಷ್ಟೇನಾ ಅಂದ್ಕೋಬೇಡಿ, ಗುಮ್ಮಟದ ಚಿತ್ರ 18ನೇ ಶತಮಾನದ್ದು, ನೋಡ್ಬೇಕಾಗಿರೋದು ಮುಂದೆ ಬಲಿಪೀಠದ ಸುತ್ತ. ಒಂದು ಕಡೆ ಚಕ್ರವರ್ತಿ ಜಸ್ಟಿನಿಯನ್, ಎದುರು ಗೋಡೆಯಲ್ಲಿ ರಾಣಿ ಥಿಯೊಡೋರಾ, ಇಬ್ರೂ ಪರಿವಾರದ ಸಮೇತ ನಿಂತು ನೆಟ್ಟ ದೃಷ್ಟಿಯಲ್ಲಿ ನಿಮ್ಮನ್ನೇ ನೋಡ್ತಾರೆ. ಇಬ್ರೂ ಈ ಊರಿಗೆ ಕಾಲಿಟ್ಟವರೇ ಅಲ್ಲ, ದೂರದ ಕಾನ್‌ಸ್ಟಾಂಟಿನೋಪಲ್‌ನಲ್ಲಿದ್ದು ಆಳಿದವರು, ಗೋಡೆ ಮೇಲೆ ಮಾತ್ರ ಹಾಜರಿ. ಥಿಯೊಡೋರಾ ಮೊದಲು ರಂಗಸ್ಥಳದಲ್ಲಿ ಕುಣೀತಿದ್ದವಳು, ಅಲ್ಲಿಂದ ಸಿಂಹಾಸನಕ್ಕೆ ಬಂದವಳು, ಈ ಚರ್ಚ್ ಆದ ಮುಂದಿನ ವರ್ಷವೇ ತೀರ್ಕೊಂಡ್ಳು. ಅವಳ ಸೀರೆಯಂಥ ನೇರಳೆ ಉಡುಪಿನ ಅಂಚು ನೋಡಿ, ಅದರಲ್ಲೂ ಚಿನ್ನದಲ್ಲಿ ಮೂರು ಜನ ಕಾಣಿಕೆ ಹಿಡ್ಕೊಂಡು ಹೋಗ್ತಿರೋ ಚಿತ್ರ ಇದೆ, ಮೊಬೈಲ್ ಜೂಮ್ ಹಾಕಿದ್ರೆ ಚೆನ್ನಾಗಿ ಕಾಣುತ್ತೆ.

ಅಮ್ಮನಿಗೆ ಇಷ್ಟ ಆಗಿದ್ದು ಇದ್ಯಾವುದೂ ಅಲ್ಲ. ಪಕ್ಕದ ಕಮಾನಲ್ಲಿ ಬೈಬಲ್‌ನ ಅಬ್ರಹಾಮನ ಮನೆಗೆ ಮೂರು ಜನ ದೇವದೂತರು ಅತಿಥಿಗಳಾಗಿ ಬಂದು ಮರದ ಕೆಳಗೆ ಊಟಕ್ಕೆ ಕೂತಿರೋ ಚಿತ್ರ ಇದೆ. ಮೇಜಿನ ಮೇಲೆ ಮೂರು ದುಂಡಗಿನ ರೊಟ್ಟಿ, ಅಬ್ರಹಾಮ ಬಡಿಸೋಕೆ ಬರ್ತಿದ್ದಾನೆ, ಹೆಂಡತಿ ಸಾರಾ ಬಾಗಿಲಲ್ಲಿ ನಿಂತು ನೋಡ್ತಿದ್ದಾಳೆ. "ನೋಡೇ, ಅಡುಗೆ ಮನೆ ಬಾಗಿಲಲ್ಲಿ ನಿಂತು ಎಲ್ಲಾ ಸರಿ ಹೋಗ್ತಿದೆಯಾ ಅಂತ ನೋಡೋ ಹೆಂಗಸು, ಅಜ್ಜಿ ಹೀಗೇ ನಿಲ್ತಿದ್ರು ಕಣೇ" ಅಂದ್ಳು. ಯಾವ ಗೈಡ್ ಬುಕ್ ಓದದೇನೂ ಅವಳಿಗೆ ಆ ಚಿತ್ರ ಸೀದಾ ತಲುಪ್ತು.

ಊಟ. ಇಲ್ಲಿಯ ಸ್ಪೆಷಲ್ ಪಿಯಾದೀನಾ, ನೋಡೋಕೆ ದಪ್ಪ ಚಪಾತಿ, ಹಂಚಿನ ಮೇಲೆ ಬೇಯಿಸಿ ಮಡಚಿ ಒಳಗೆ ಏನಾದ್ರೂ ತುಂಬಿ ಕೊಡ್ತಾರೆ. ಸಸ್ಯಾಹಾರಿಗಳು ತಪ್ಪದೆ ಗಮನಿಸಿ: ಸಾಂಪ್ರದಾಯಿಕ ಪಿಯಾದೀನಾ ಹಿಟ್ಟಿಗೇ ಹಂದಿ ಕೊಬ್ಬು ಹಾಕಿ ಕಲಸ್ತಾರೆ, ಅದಕ್ಕೆ ಸ್ಟ್ರುಟ್ಟೋ ಅಂತಾರೆ. ಒಳಗೆ ಬರೀ ತರಕಾರಿ ಇದೆ ಅಂತ ನಂಬಿ ತಗೋಬೇಡಿ. "ಸೆನ್ಸಾ ಸ್ಟ್ರುಟ್ಟೋ" ಅಂತ ಕೇಳಿ, ಆಲಿವ್ ಎಣ್ಣೆಯಲ್ಲಿ ಮಾಡಿದ್ದೂ ಬಹಳ ಕಡೆ ಇರುತ್ತೆ. ನಾವು ಅದನ್ನೇ ತಗೊಂಡ್ವಿ, ನಮಗಿಬ್ರಿಗೆ ಸ್ಕ್ವಾಕ್ವೆರೋನೆ ಅನ್ನೋ ಮೆತ್ತಗಿನ ಚೀಸ್ ಮತ್ತೆ ರುಕೊಲಾ ಸೊಪ್ಪು ಹಾಕಿದ್ದು, ಅಮ್ಮನಿಗೆ ಸುಟ್ಟ ಬದನೆಕಾಯಿ, ಕ್ಯಾಪ್ಸಿಕಂ. ಇಲ್ಲಿಯ ಚೀಸ್‌ಗೆ ಹಾಲು ಒಡೆಸೋಕೆ ಕರುವಿನ ಹೊಟ್ಟೆಯಿಂದ ತೆಗೆದ ರೆನ್ನೆಟ್ ಬಳಸೋದು ಸಾಮಾನ್ಯ, ಆ ವಿಷಯದಲ್ಲಿ ಕಟ್ಟುನಿಟ್ಟಾಗಿರೋರು ಚೀಸ್ ಬೇಡ ಅಂದುಬಿಡಿ. ಅಮ್ಮನ ಬ್ಯಾಗಲ್ಲಿ ಚಟ್ನಿಪುಡಿ ಇತ್ತು, ಪಿಯಾದೀನಾಗೆ ಚೆನ್ನಾಗಿ ಹೊಂದುತ್ತೆ. ಕೂತು ಊಟ ಮಾಡೋ ಹೋಟೆಲ್ ಬೇಕು ಅಂದ್ರೆ ಮಧ್ಯಾಹ್ನ ಒಂದೂವರೆ ಒಳಗೆ ಹೋಗಿ, ಎರಡೂವರೆ ಹೊತ್ತಿಗೆ ಬಹಳ ಕಡೆ ಅಡುಗೆಮನೆ ಮುಚ್ಚಿ ಏಳು ಗಂಟೆ ಮೇಲೇ ತೆಗೆಯೋದು. ಬಿಲ್ಲಲ್ಲಿ ಕೊಪೆರ್ತೊ ಅಂತ ತಲೆಗಿಷ್ಟು ಸೇರಿರುತ್ತೆ, ಅದು ಮೋಸ ಅಲ್ಲ, ಅಲ್ಲಿಯ ಪದ್ಧತಿ. ಟಾಯ್ಲೆಟ್ ಬೇಕಾದ್ರೆ ಯಾವುದಾದ್ರೂ ಕಾಫಿ ಬಾರ್‌ಗೆ ಹೋಗಿ ಒಂದು ಕಾಫಿ ತಗೊಳ್ಳಿ, ನಿಂತು ಕುಡಿದ್ರೆ ಕಮ್ಮಿ ರೇಟು.

ಮಧ್ಯಾಹ್ನಕ್ಕೆ ಬ್ಯಾಪ್ಟಿಸ್ಟ್ರಿ ಸ್ಲಾಟ್ ಇಟ್ಕೊಳ್ಳಿ, ಅದೂ ಅಷ್ಟೇ ಚಂದ, ವಿವರ ಬರೆಯಲ್ಲ. ಅಲ್ಲಿಂದ ಸ್ವಲ್ಪ ದೂರದಲ್ಲೇ ಡಾಂಟೆ ಸಮಾಧಿ, ಟಿಕೆಟ್ ಇಲ್ಲ. ಡಾಂಟೆ ಫ್ಲಾರೆನ್ಸ್‌ನ ಕವಿ, 1302ರಲ್ಲಿ ಆ ಊರವರು ಗಡೀಪಾರು ಮಾಡಿದ್ರು, ವಾಪಸ್ ಹೋಗೋಕಾಗದೆ 1321ರಲ್ಲಿ ಇಲ್ಲೇ ತೀರ್ಕೊಂಡ. ಆಮೇಲೆ ಫ್ಲಾರೆನ್ಸ್‌ನವರು ಅಸ್ಥಿ ನಮಗೆ ಕೊಡಿ ಅಂತ ಬೆನ್ನು ಬಿದ್ರು, 1519ರಲ್ಲಿ ಪೋಪ್ ಒಪ್ಪಿಗೆನೂ ಸಿಕ್ತು, ಬಂದು ತೆಗೆದು ನೋಡಿದ್ರೆ ಪೆಟ್ಟಿಗೆ ಖಾಲಿ. ಪಕ್ಕದ ಮಠದ ಸನ್ಯಾಸಿಗಳು ಗೋಡೆ ಕೊರೆದು ಬಚ್ಚಿಟ್ಟಿದ್ರು, 1865ರಲ್ಲಿ ರಿಪೇರಿ ಮಾಡುವಾಗ ಮರದ ಪೆಟ್ಟಿಗೆಯಲ್ಲಿ ಮತ್ತೆ ಸಿಕ್ತು. ಫ್ಲಾರೆನ್ಸ್‌ನ ಸಾಂತಾ ಕ್ರೋಚೆ ಚರ್ಚಲ್ಲಿ ಡಾಂಟೆಗೆ ದೊಡ್ಡ ಸಮಾಧಿ ಇದೆ, ಅದು ಖಾಲಿ. ಇಲ್ಲಿ ಒಳಗೆ ಒಂದು ನಂದಾದೀಪ ಉರೀತಿರುತ್ತೆ, ಅದಕ್ಕೆ ಎಣ್ಣೆ ಪ್ರತಿ ಸೆಪ್ಟೆಂಬರ್‌ನಲ್ಲಿ ಫ್ಲಾರೆನ್ಸ್‌ನಿಂದಲೇ ಬರುತ್ತೆ. ಇದನ್ನ ಹೇಳಿದಾಗ ಅಮ್ಮ ತಾನಾಗೇ ಕೈ ಮುಗಿದ್ಳು, ನನಗೂ ಗಂಟಲು ಕಟ್ತು.

ಪಕ್ಕದಲ್ಲೇ ಸಾನ್ ಫ್ರಾಂಚೆಸ್ಕೋ ಚರ್ಚು, ಡಾಂಟೆಯ ಅಂತ್ಯಕ್ರಿಯೆ ನಡೆದಿದ್ದು ಇಲ್ಲಿ, ತಪ್ಪದೆ ಒಳಗೆ ಹೋಗಿ. ಬಲಿಪೀಠದ ಕೆಳಗೆ ಒಂದು ಕಿಂಡಿಯಿಂದ ಬಗ್ಗಿ ನೋಡಿದ್ರೆ ನೆಲಮಾಳಿಗೆ ಕಾಣುತ್ತೆ, ಅದರ ತುಂಬಾ ನೀರು, ನೀರಲ್ಲಿ ಕೆಂಪು ಮೀನುಗಳು ಕಂಬಗಳ ಮಧ್ಯೆ ಓಡಾಡ್ಕೊಂಡಿವೆ. ಊರು ಕಟ್ಟಿರೋದು ಜೌಗು ಮೇಲಾದ್ರಿಂದ ಶತಮಾನಗಳಿಂದ ನೆಲ ಕುಸೀತಾ ಬಂದಿದೆ, ಕೆಳಗಿಂದ ನೀರು ಬರುತ್ತೆ. ಲೈಟ್ ಹತ್ತೋಕೆ ನಾಣ್ಯ ಹಾಕ್ಬೇಕು, ಚಿಲ್ಲರೆ ಇಟ್ಕೊಂಡು ಹೋಗಿ.

ಸ್ಟೇಷನ್ ಕಡೆ ವಾಪಸ್ ಬರೋ ದಾರಿಯಲ್ಲಿ ಸಾಂತಪೊಲ್ಲಿನಾರೆ ನುವೋವೊ. ಇದನ್ನ ಥಿಯೊಡೊರಿಕ್ ತನ್ನ ಅರಮನೆ ಪಕ್ಕ ಕಟ್ಟಿಸಿದ್ದು. ಉದ್ದದ ಗೋಡೆಯಲ್ಲಿ ಎಡಕ್ಕೆ 22 ಕನ್ಯೆಯರು, ಬಲಕ್ಕೆ 26 ಹುತಾತ್ಮರು ಮೆರವಣಿಗೆ ಹೊರಟಿದ್ದಾರೆ. ಎಲ್ಲರೂ ಅದನ್ನ ನೋಡಿ ಹೋಗ್ತಾರೆ, ನೀವು ಬಲಗೋಡೆಯ ಶುರುವಲ್ಲಿ ಬಾಗಿಲ ಕಡೆ ಇರೋ ಅರಮನೆ ಚಿತ್ರದ ಕೆಳಗೆ ನಿಲ್ಲಿ. ಕಮಾನುಗಳಲ್ಲಿ ಬಿಳಿ ಪರದೆ ತೂಗಾಡ್ತಿದೆ. ಮೊದಲು ಅಲ್ಲಿ ಗೋಥರ ಆಸ್ಥಾನದವರು ನಿಂತಿದ್ರು, ರಾಜ್ಯ ಕೈ ಬದಲಾದ ಮೇಲೆ ಅವರನ್ನ ಕಿತ್ತು ಪರದೆ ಕೂರಿಸಿದ್ರು. ಆದ್ರೆ ಕಂಬಗಳನ್ನ ಗಮನವಿಟ್ಟು ನೋಡಿ, ಒಂದೆರಡು ಕಂಬದ ಮೇಲೆ ಬರೀ ಕೈ ಉಳಿದಿದೆ. ಮನುಷ್ಯ ಇಲ್ಲ, ಕಂಬದ ಮೇಲೆ ಚಾಚಿದ ಅವನ ಬೆರಳು ಮಾತ್ರ. ನಮ್ಮನೆಯವರು ಅದನ್ನ ಹುಡುಕಿ ತೋರಿಸಿದಾಗ ನನಗೆ ಮೈ ಜುಮ್ ಅಂತು, ಹದಿನೈದು ಶತಮಾನದಿಂದ ಆ ಕೈ ಅಲ್ಲೇ ಇದೆ.

ಶಕ್ತಿ ಉಳಿದಿದ್ರೆ ಸಂಜೆಗೆ ಕ್ಲಾಸ್ಸೆ ಬಿಡಬೇಡಿ. ಸ್ಟೇಷನ್ ಮುಂದಿಂದ 4ನೇ ನಂಬರ್ ಬಸ್, ಕಾಲು ಗಂಟೆ ಇಪ್ಪತ್ತು ನಿಮಿಷ. ಬಸ್ ಟಿಕೆಟ್ ಮೊದಲೇ ತಬಾಕ್ಕಿ ಅನ್ನೋ ಬೀಡಿ ಸಿಗರೇಟ್ ಅಂಗಡಿಯಲ್ಲಿ ತಗೊಳ್ಳಿ, ವಾಪಸ್ ಬರೋಕೂ ಸೇರಿಸಿ. ಭಾನುವಾರ ಬೆಳಿಗ್ಗೆ ಪ್ರಾರ್ಥನೆ ಇರುತ್ತೆ, ಚಳಿಗಾಲದಲ್ಲಿ ಎಲ್ಲಾ ಕಡೆನೂ ಬೇಗ ಮುಚ್ತಾರೆ, ಹಿಂದಿನ ದಿನ ಟೈಮಿಂಗ್ ನೋಡ್ಕೊಳ್ಳಿ. ಸಮುದ್ರ ಹಿಂದೆ ಸರಿದು ಬಂದರು ಈಗ ಇಲ್ಲ, ಬಯಲಲ್ಲಿ 549ರ ಸಾಂತಪೊಲ್ಲಿನಾರೆ ಚರ್ಚು (ಊರೊಳಗಿನದ್ದಲ್ಲ, ಅದೇ ಸಂತನ ಹೆಸರಿನ ಇನ್ನೊಂದು) ಒಂಟಿಯಾಗಿ ನಿಂತಿದೆ, ಇದರ ಟಿಕೆಟ್ ಬೇರೆ. ಥಿಯೊಡೊರಿಕ್‌ನ ಸಮಾಧಿ ಇನ್ನೊಂದು ದಿಕ್ಕಲ್ಲಿದೆ, ಚಾವಣಿ ಹತ್ತು ಮೀಟರ್ ಅಗಲದ ಒಂದೇ ಕಲ್ಲಂತೆ, ಎರಡೂ ಮಾಡೋಕೆ ಅಮ್ಮನ ಕಾಲು ಬಿಡ್ಲಿಲ್ಲ, ಒಂದನ್ನೇ ಆರಿಸ್ಬೇಕು ಅಂದ್ರೆ ನಾನು ಕ್ಲಾಸ್ಸೆನೇ ಹೇಳ್ತೀನಿ.

ಕ್ಲಾಸ್ಸೆ ಚರ್ಚಿನ ಒಳಗೆ ಎರಡು ಸಾಲು ಅಮೃತಶಿಲೆ ಕಂಬ, ಕೊನೆಯಲ್ಲಿ ಅರ್ಧ ಗುಮ್ಮಟದ ತುಂಬಾ ಹಸಿರು. ಮೆತ್ತನೆ ಹುಲ್ಲು, ಚಿಕ್ಕ ಚಿಕ್ಕ ಮರ, ಹೂವು, ಬಂಡೆ, ಎರಡೂ ಕಡೆಯಿಂದ ಸಾಲಾಗಿ ಬರ್ತಿರೋ ಬಿಳಿ ಕುರಿಗಳು, ನಡುವೆ ಕೈ ಎತ್ತಿ ನಿಂತ ಸಂತ ಅಪೊಲ್ಲಿನಾರೆ. ನಾವು ಹೋದಾಗ ಐದೂವರೆ, ಇಡೀ ಚರ್ಚಲ್ಲಿ ಹತ್ತು ಜನ ಇರ್ಲಿಲ್ಲ. ಅಮ್ಮ ಮುಂದಿನ ಬೆಂಚಲ್ಲಿ ಕೂತು ಚಪ್ಪಲಿ ಪಕ್ಕಕ್ಕೆ ಬಿಟ್ಟು ಕಾಲು ನೀಡ್ಕೊಂಡು ಒಂದೊಂದೇ ಕುರಿ ಎಣಿಸ್ತಾ ಇದ್ಳು, ನಾವು ಒಂದು ಬಸ್ ಬಿಟ್ಟು ಮುಂದಿನ ಬಸ್‌ಗೆ ಹೋದ್ವಿ.