ಅಲೆಗಿಂತ ಉದ್ದದ ಅಳತೆಗೋಲು

ಈ ಮಳೆಗೆ ಮಲ್ಪೆಯಲ್ಲಿ ಅಲೆಗಳ ಅಬ್ಬರ ಜೋರು. ನೀರಿನ ಕಣ ಕಣಕ್ಕೆ ತಾಗಿಯೇ ಅಲೆ ಮುಂದೆ ಸಾಗುವುದು. ಭೂಮಿಯಿಂದ ಸೂರ್ಯನ ಕಡೆ ಸುಮಾರು 90,000 ಕಿ.ಮೀ. ದೂರದಲ್ಲಿರುವ ಆಘಾತ ಅಲೆಯ ಕಥೆ ಬೇರೆ. ಸೂರ್ಯನಿಂದ ಸೆಕೆಂಡಿಗೆ ಸುಮಾರು 400 ಕಿ.ಮೀ. ವೇಗದಲ್ಲಿ ಬರುವ ವಿದ್ಯುದಾವೇಶದ ಕಣಗಳ ಹರಿವು, ಅಂದರೆ ಸೌರಮಾರುತ, ಅಲ್ಲಿ ಗಕ್ಕನೆ ನಿಧಾನವಾಗುತ್ತದೆ, ಆದರೆ ಕಣಗಳು ಡಿಕ್ಕಿ ಹೊಡೆಯುವುದೇ ಅಪರೂಪ. ಬ್ರೇಕ್ ಹಾಕುವುದು ವಿದ್ಯುತ್ ಮತ್ತು ಕಾಂತ ಕ್ಷೇತ್ರಗಳು.

ಅಳೆಯಲು ತಲೆನೋವು ವಿದ್ಯುತ್ ಕ್ಷೇತ್ರದ್ದೇ. ನಾಸಾ 2015ರಲ್ಲಿ ಹಾರಿಸಿದ, ಭೂಮಿಯ ಸುತ್ತಲಿನ ಕಾಂತಕ್ಷೇತ್ರ ಅಧ್ಯಯನ ಮಾಡುವ ಎಂಎಂಎಸ್ ಯೋಜನೆಯ ನಾಲ್ಕು ಉಪಗ್ರಹಗಳಲ್ಲಿ ತಲಾ ನಾಲ್ಕು ತಂತಿ, ಒಂದೊಂದೂ 60 ಮೀಟರ್, ತುದಿಯಲ್ಲಿ ಲೋಹದ ಗುಂಡು. ಉಪಗ್ರಹ ನಿಮಿಷಕ್ಕೆ ಸುಮಾರು ಮೂರು ಸುತ್ತು ತಿರುಗುವುದರಿಂದಲೇ ತಂತಿ ಬಿಗಿಯಾಗಿ ನಿಲ್ಲುತ್ತದೆ. ಎದುರುಬದುರು ಗುಂಡುಗಳ ವೋಲ್ಟೇಜ್ ವ್ಯತ್ಯಾಸವನ್ನು 120ರಿಂದ ಭಾಗಿಸಿದರೆ ಕ್ಷೇತ್ರ ಸಿಕ್ಕಿತು, ಕಾಗದದ ಮೇಲೆ! ಬಿಸಿಲು ಬಿದ್ದ ಗುಂಡಿನಿಂದ ಎಲೆಕ್ಟ್ರಾನ್‌ಗಳು ಹಾರಿಹೋಗುತ್ತವೆ. ಅದರಿಂದ ಗುಂಡಿನ ವೋಲ್ಟೇಜೇ ಏರುಪೇರು. ಸರಿದೂಗಿಸಲು ಗುಂಡಿಗೆ ನಾವೇ ಒಂದಿಷ್ಟು ವಿದ್ಯುತ್, ಅಂದರೆ ಬಯಾಸ್ ಕರೆಂಟ್, ಕೊಡಬೇಕು.

ಇನ್ನೊಂದು ಕಿತಾಪತಿ ಇನ್ನೂ ಚಂದ. ಆಘಾತದೊಳಗಿನ ಕೆಲವು ಅಲೆಗಳು ಈ 120 ಮೀಟರಿಗಿಂತ ಗಿಡ್ಡ. ತಂತಿಯ ದಿಕ್ಕಿನಲ್ಲೇ ಸಾಗುವ ಅಲೆಯ ಉದ್ದ, ಅಂದರೆ ಒಂದು ಶಿಖರದಿಂದ ಮುಂದಿನ ಶಿಖರಕ್ಕಿರುವ ದೂರ, ಸರಿಯಾಗಿ 120 ಆದರೆ ಎರಡೂ ಗುಂಡುಗಳಲ್ಲಿ ಒಂದೇ ವೋಲ್ಟೇಜ್, ಉತ್ತರ ಸೊನ್ನೆ. 60 ಆದರೂ ಅಷ್ಟೇ. ಅಲೆ ಜೋರಾಗಿಯೇ ಇರುತ್ತದೆ, ಗ್ರಾಫ್ ಮಾತ್ರ ಸಪ್ಪೆ. ಅದಕ್ಕೇ ಪ್ರತಿ ಗುಂಡಿನ ವೋಲ್ಟೇಜನ್ನೂ ಬೇರೆ ಬೇರೆಯಾಗಿ ನೋಡಿ, ಅಲೆ ಯಾವುದನ್ನು ಎಷ್ಟು ಮೊದಲು ಮುಟ್ಟಿತು ಎಂಬುದರಿಂದ ವೇಗ, ವೇಗದಿಂದ ಉದ್ದ ತೆಗೆದು, ಆಮೇಲೆ ಅಳತೆ ತಿದ್ದಬೇಕು.

ನಮ್ಮ ಆದಿತ್ಯ-ಎಲ್1ರಲ್ಲಿ ಈ ತಂತಿಗಳಿಲ್ಲ; ಕಾಂತಕ್ಷೇತ್ರ ಅಳೆಯುವ ಮ್ಯಾಗ್ನೆಟೋಮೀಟರ್ ಇದೆ, ಕಣ ಅಳೆಯುವ ಉಪಕರಣಗಳಿವೆ. ಅವುಗಳಿಂದಲೇ ವಿದ್ಯುತ್ ಕ್ಷೇತ್ರದ ಲೆಕ್ಕ ಹಾಕಬಹುದು: ಸೆಕೆಂಡಿಗೆ 400 ಕಿ.ಮೀ. ವೇಗವನ್ನು ಅದಕ್ಕೆ ಅಡ್ಡವಾಗಿರುವ 5 ನ್ಯಾನೊಟೆಸ್ಲಾ ಕಾಂತಕ್ಷೇತ್ರದಿಂದ ಗುಣಿಸಿದರೆ ವಿದ್ಯುತ್ ಕ್ಷೇತ್ರ ಮೀಟರಿಗೆ 2 ಮಿಲಿವೋಲ್ಟ್. ಸೌರಮಾರುತದ ಲೆಕ್ಕಕ್ಕೆ ಇದು ಧಾರಾಳ ಸಾಕು. ಆಘಾತದೊಳಗಿನ ಕ್ಷಣಿಕ ಜಿಗಿತಗಳು ಮಾತ್ರ ಈ ಗುಣಾಕಾರದಲ್ಲಿ ಬರುವುದಿಲ್ಲ.